ಫ್ರೆಂಚ್ ಆನರ್ಸ್: ಓದುವವರಿಗೂ ಓದಿಸುವವರಿಗೂ ಕೆಲವು ಮಾತು



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳು ಹೆಚ್ಚಾಗಿ ಒಂದೇ ಬಗೆಯವು. ಇಂಜಿನಿಯರಿಂಗಿಗೆ ಯಾವ ಕಾಲೇಜು ಒಳ್ಳೆಯದು, ಸಿ.ಎ. ಮುಗಿಸಲು ಎಷ್ಟು ವರ್ಷ ಬೇಕು, ನೀಟ್ ಪರೀಕ್ಷೆಗೆ ಇನ್ನೊಮ್ಮೆ ಕೂರಬಹುದೇ ಎಂದು ಕೇಳುವವರೇ ಬಹಳ. ಈ ಸಲ ಅವುಗಳ ನಡುವೆ ಜತ್ತ ತಾಲೂಕಿನ ತಾಯಿಯೊಬ್ಬರ ಪತ್ರ ಬೇರೆಯಾಗಿ ಕಂಡಿತು. ಅವರ ಮಗಳು ಕಲಾ ವಿಭಾಗದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ. ಫ್ರೆಂಚ್ ಭಾಷೆ ಮತ್ತು ಸಾಹಿತ್ಯದಲ್ಲಿ ಬಿ.ಎ. ಆನರ್ಸ್ ಓದುತ್ತೇನೆ, ದೂರದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತೇನೆ ಎನ್ನುತ್ತಾಳಂತೆ. ದಾಳಿಂಬೆ ತೋಟ ನೋಡಿಕೊಳ್ಳುವ ತಂದೆಗೆ ಅದರಿಂದ ಹೊಟ್ಟೆ ತುಂಬೀತೇ ಎಂಬ ಚಿಂತೆ. ಅಜ್ಜಿಗೆ ಒಳ್ಳೆಯ ಸಂಬಂಧ ಕೈತಪ್ಪೀತೆಂಬ ಚಿಂತೆ. "ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯವಿಲ್ಲ. ನೀವೇ ತಿಳಿಸಿ ಹೇಳಿರಿ" ಎಂದು ಆ ತಾಯಿ ಬರೆದಿದ್ದಾರೆ.

ಅದೇ ಅಂಚೆಯಲ್ಲಿ ಕಾಸರಗೋಡಿನ ನಿವೃತ್ತ ಮಾಸ್ತರರೊಬ್ಬರ ಪತ್ರವೂ ಇತ್ತು. ಹಿಂದಿನ ಸಂಚಿಕೆಯೊಂದರಲ್ಲಿ ವಿದೇಶಿ ಭಾಷೆಗಳ ಕಲಿಕೆಯ ವಿಷಯ ಬಂದದ್ದು ಅವರಿಗೆ ಸರಿಬಂದಿಲ್ಲ. ಗಡಿಯಾಚೆಯ ನಮ್ಮ ಮಕ್ಕಳು ಕನ್ನಡದಲ್ಲಿ ಒಂದು ಪತ್ರ ಬರೆಯಲಾರದ ಈ ಹೊತ್ತಿನಲ್ಲಿ ಫ್ರೆಂಚಿನ ಮಾತೇಕೆ ಎಂಬುದು ಅವರ ಪ್ರಶ್ನೆ. ಎರಡೂ ಪತ್ರಗಳಿಗೆ ಒಟ್ಟಿಗೆ ಉತ್ತರಿಸುವುದೇ ಲೇಸೆಂದು ತೋರಿತು. ಏಕೆಂದರೆ ಎರಡರ ಹಿಂದೆಯೂ ಇರುವುದು ಒಂದೇ ಕಳವಳ: ಈ ಓದಿನಿಂದ ನಮ್ಮ ಮಗು ಏನಾಗುತ್ತದೆ?

ಆನರ್ಸ್ ಎಂದರೆ ಏನು?

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. ಪಟ್ಟಣಗಳಲ್ಲಿ ಸಂಜೆಯ ಹೊತ್ತು ನಡೆಯುವ ಫ್ರೆಂಚ್ ತರಗತಿಗಳಿವೆ. ಅಲ್ಲಿ ಆರು ತಿಂಗಳಲ್ಲೋ ವರ್ಷದಲ್ಲೋ ಅಷ್ಟಿಷ್ಟು ಮಾತು ಕಲಿಸಿ ಪ್ರಮಾಣಪತ್ರ ಕೊಡುತ್ತಾರೆ. ತೆಲಂಗಾಣ, ಆಂಧ್ರಗಳ ಇಂಟರ್ಮೀಡಿಯೆಟ್ ಕಾಲೇಜುಗಳಲ್ಲಿ ಹೆಚ್ಚು ಅಂಕ ಬರುತ್ತದೆಂದು ಸಂಸ್ಕೃತವನ್ನೋ ಫ್ರೆಂಚನ್ನೋ ಎರಡನೆಯ ಭಾಷೆಯಾಗಿ ಆರಿಸಿಕೊಳ್ಳುವವರೂ ಇದ್ದಾರೆ. ಆನರ್ಸ್ ಇವೆರಡೂ ಅಲ್ಲ. ಅದು ಪೂರ್ಣ ಪ್ರಮಾಣದ ವಿಶ್ವವಿದ್ಯಾಲಯ ಪದವಿ. ಇತಿಹಾಸದಲ್ಲೋ ಅರ್ಥಶಾಸ್ತ್ರದಲ್ಲೋ ಆನರ್ಸ್ ಮಾಡುವವರು ಆ ಶಾಸ್ತ್ರವನ್ನು ಹೇಗೆ ಆಳವಾಗಿ ಓದುತ್ತಾರೋ ಹಾಗೆಯೇ ಇಲ್ಲಿ ಒಂದು ಭಾಷೆ, ಆ ಭಾಷೆಯ ಸಾಹಿತ್ಯ, ಅದನ್ನಾಡುವ ಜನರ ಇತಿಹಾಸ, ವಿಚಾರ, ಸಮಾಜ ಎಲ್ಲವನ್ನೂ ಓದಬೇಕು.

ಹಿಂದೆ ಇದು ಎಲ್ಲೆಡೆ ಮೂರು ವರ್ಷದ ಓದಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಹಲವು ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷ ಓದಿದವರಿಗೆ ಆನರ್ಸ್, ಮೂರು ವರ್ಷಕ್ಕೆ ಹೊರಬಂದವರಿಗೆ ಪದವಿ ಎಂಬ ಏರ್ಪಾಡಾಗಿದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯನ್ನು ಓದಿಕೊಳ್ಳುವುದು ಅಗತ್ಯ.

ಇನ್ನೊಂದು ಸಮಾಧಾನದ ಸಂಗತಿಯಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಂಥ ಕಡೆ ಫ್ರೆಂಚ್ ಒಂದಕ್ಷರ ತಿಳಿಯದವರಿಗೂ ಮೊದಲ ವರ್ಷಕ್ಕೆ ಪ್ರವೇಶವಿದೆ. ಅಕ್ಷರಾಭ್ಯಾಸದಿಂದಲೇ ಕಲಿಸುತ್ತಾರೆ. ಆದರೆ ಆ ವೇಗ ಮಾತ್ರ ಹಳ್ಳದ ಹರಿವಲ್ಲ, ಮಳೆಗಾಲದ ಹೊಳೆಯ ಹರಿವು. ಮೊದಲೆರಡು ವರ್ಷ ಭಾಷೆಯೇ ಪ್ರಧಾನ: ಉಚ್ಚಾರಣೆ, ವ್ಯಾಕರಣ, ಕೇಳಿ ಬರೆಯುವ ಉಕ್ತಲೇಖನ, ಸಂಭಾಷಣೆ, ಪ್ರಬಂಧ. ಜೊತೆಗೆ ಫ್ರಾನ್ಸ್ ದೇಶದ ಭೂಗೋಳ, ಇತಿಹಾಸ, ಆಡಳಿತ. ಮುಂದೆ ಸಾಹಿತ್ಯ ಚರಿತ್ರೆ, ಅನುವಾದ, ಭಾಷಾಶಾಸ್ತ್ರ. ಕೊನೆಯ ವರ್ಷಗಳಲ್ಲಿ ಪಾಠವೂ ಫ್ರೆಂಚಿನಲ್ಲಿ, ಪರೀಕ್ಷೆಯೂ ಫ್ರೆಂಚಿನಲ್ಲಿ. ಪ್ರತಿದಿನ ಮನೆಯಲ್ಲಿ ಎರಡು ಮೂರು ಗಂಟೆ ಕೂತು ಅಭ್ಯಾಸ ಮಾಡದವರಿಗೆ ಎರಡನೆಯ ವರ್ಷದ ಹೊತ್ತಿಗೆ ಉಸಿರು ಕಟ್ಟುತ್ತದೆ. ಕಲಾ ವಿಭಾಗವೆಂದರೆ ಸುಲಭ ಎಂದುಕೊಂಡು ಯಾರೂ ಇತ್ತ ಬರಬಾರದು.

ನಮ್ಮ ಮಕ್ಕಳಿಗೆ ಇರುವ ಬಂಡವಾಳ

ಗಡಿಯಲ್ಲಿ ಬೆಳೆದ ಮಕ್ಕಳು ತಮಗೆ ಗೊತ್ತಿಲ್ಲದೆಯೇ ಈ ಓದಿಗೆ ಅರ್ಧ ಸಿದ್ಧರಾಗಿರುತ್ತಾರೆ. ಜತ್ತ, ಅಕ್ಕಲಕೋಟೆಯ ಹುಡುಗಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್, ಟಿ.ವಿ.ಯಲ್ಲಿ ಹಿಂದಿ ಕೇಳಿ ಬೆಳೆಯುತ್ತಾಳೆ. ಆದೋನಿಯ ಹುಡುಗನಿಗೆ ತೆಲುಗು, ತಾಳವಾಡಿಯವನಿಗೆ ತಮಿಳು, ವಯನಾಡಿನವಳಿಗೆ ಮಲಯಾಳಂ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಅವರಿಗೆ ಮನೆಯ ಹೊಸ್ತಿಲು ದಾಟಿದಷ್ಟೇ ಸಹಜ.

ಕೆಲವು ಉದಾಹರಣೆ ಕೊಡುತ್ತೇನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಫ್ರೆಂಚಿನಲ್ಲಿ ನಮ್ಮ ನೀನು-ನೀವು ಇದ್ದಂತೆ 'ತ್ಯು' ಮತ್ತು 'ವು' ಎಂದು ಎರಡು ರೂಪಗಳಿವೆ. ಇಂಗ್ಲಿಷ್ ಮಾತ್ರ ಬಲ್ಲವರು ಎಲ್ಲಿ ಯಾವುದನ್ನು ಬಳಸಬೇಕೆಂದು ತಡಕಾಡುತ್ತಾರೆ. ಮಾವನವರೆದುರು ಹೇಗೆ, ತಮ್ಮನೆದುರು ಹೇಗೆ ಎಂಬುದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫ್ರೆಂಚಿನ ತ, ದ ಧ್ವನಿಗಳು ಇಂಗ್ಲಿಷಿನವುಗಳಂತಲ್ಲ. ನಮ್ಮ ತ, ದಗಳಂತೆ ನಾಲಗೆ ಹಲ್ಲಿಗೆ ತಾಗಿ ಹುಟ್ಟುತ್ತವೆ. ಪ, ತ, ಕಗಳನ್ನು ಇಂಗ್ಲಿಷರಂತೆ ಉಸಿರು ತುಂಬಿ ಹೇಳದೆ ನಮ್ಮಂತೆಯೇ ಅಲ್ಪಪ್ರಾಣವಾಗಿ ಹೇಳುತ್ತಾರೆ. ಹೀಗಾಗಿ ಕನ್ನಡದ ನಾಲಗೆಯಿಂದ ನೇರವಾಗಿ ಫ್ರೆಂಚಿಗೆ ಹೋಗುವುದೇ ಒಳ್ಳೆಯದು. ಇಂಗ್ಲಿಷಿನ ಸೇತುವೆ ಹತ್ತಿದರೆ ದಾರಿ ದೂರವಾಗುತ್ತದೆ.

ಕಷ್ಟಗಳೂ ಇವೆ. ಕನ್ನಡದಲ್ಲಿ ಆಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಫ್ರೆಂಚಿನಲ್ಲಿ 'ಬಹಳ' ಎಂಬರ್ಥದ 'ಬೋಕು' ಎಂಬ ಪದಕ್ಕೆ ಎಂಟಕ್ಷರ ಬರೆದು ನಾಲ್ಕೇ ಧ್ವನಿ ನುಡಿಯಬೇಕು. ಎಂಬತ್ತು ಎನ್ನಲು 'ನಾಲ್ಕು ಇಪ್ಪತ್ತು' ಎನ್ನುತ್ತಾರೆ. ತೊಂಬತ್ತೇಳು ಅವರ ಬಾಯಲ್ಲಿ 'ನಾಲ್ಕು ಇಪ್ಪತ್ತು ಹದಿನೇಳು'. ಎಲ್ಲಕ್ಕಿಂತ ದೊಡ್ಡ ತೊಡಕು ಲಿಂಗ. ಕನ್ನಡದಲ್ಲಿ ಕುರ್ಚಿ, ಮೇಜು, ಪುಸ್ತಕ ಎಲ್ಲವೂ ನಪುಂಸಕ. ಫ್ರೆಂಚಿನಲ್ಲಿ ನಪುಂಸಕ ಲಿಂಗವೇ ಇಲ್ಲ. ಪ್ರತಿಯೊಂದು ವಸ್ತುವೂ ಗಂಡು ಅಥವಾ ಹೆಣ್ಣು. ಪುಸ್ತಕ ಗಂಡು, ಮೇಜು ಹೆಣ್ಣು. ಸೂರ್ಯ ಗಂಡು, ಚಂದ್ರ ಹೆಣ್ಣು. ಇದಕ್ಕೆ ತರ್ಕವಿಲ್ಲ, ಬಾಯಿಪಾಠವೇ ಗತಿ. ಮರಾಠಿ ಬಲ್ಲ ಮಕ್ಕಳಿಗೆ ಇಲ್ಲೂ ಸ್ವಲ್ಪ ಅನುಕೂಲ. ನಿರ್ಜೀವ ಕುರ್ಚಿಯನ್ನು ಸ್ತ್ರೀಲಿಂಗವೆಂದು ಹೇಳುವ ರೂಢಿ ಅವರಿಗೆ ಚಿಕ್ಕಂದಿನಿಂದ ಇದೆ. ಫ್ರೆಂಚಿನಲ್ಲೂ ಕುರ್ಚಿ ಸ್ತ್ರೀಲಿಂಗವೇ.

ಸಾಹಿತ್ಯವನ್ನು ಓದುವ ಬಗೆ

ಭಾಷೆ ಒಂದು ಹದಕ್ಕೆ ಬಂದ ಮೇಲೆ ಸಾಹಿತ್ಯದ ಪಾಠ. ಹದಿನೇಳನೆಯ ಶತಮಾನದ ಮೋಲಿಯೇರನ ಹಾಸ್ಯ ನಾಟಕಗಳು, ಹದಿನೆಂಟನೆಯ ಶತಮಾನದ ವೋಲ್ಟೇರ್ ಮತ್ತು ರೂಸೋ, 1862ರಲ್ಲಿ 'ಲೆ ಮಿಸೆರಾಬ್ಲ್' ಪ್ರಕಟಿಸಿದ ವಿಕ್ಟರ್ ಹ್ಯೂಗೋ, ಫ್ಲೊಬೇರ್, ಬೋದಿಲೇರ್, ಇಪ್ಪತ್ತನೆಯ ಶತಮಾನದ ಪ್ರೂಸ್ತ್ ಮತ್ತು ಕಮೂ. ಈಗ ಸೆನೆಗಲ್, ಅಲ್ಜೀರಿಯಾ, ಕೆರಿಬಿಯನ್ ದ್ವೀಪಗಳಲ್ಲಿ ಫ್ರೆಂಚಿನಲ್ಲಿ ಬರೆದವರನ್ನೂ ಓದಿಸುತ್ತಾರೆ. 2022ರಲ್ಲಿ ನೊಬೆಲ್ ಪಡೆದ ಆನಿ ಎರ್ನೋ ಸಣ್ಣ ಊರಿನ ದಿನಸಿ ಅಂಗಡಿಯವರ ಮಗಳು. ಓದಿದ ಮಗಳಿಗೂ ಓದದ ತಂದೆತಾಯಿಗೂ ನಡುವೆ ಬೆಳೆಯುವ ದೂರವನ್ನು ಕುರಿತು ಆಕೆ ಬರೆದಿದ್ದಾರೆ. ನಮ್ಮ ಎಷ್ಟೋ ಮನೆಗಳಿಗೆ ಈ ವಿಷಯ ಪರಕೀಯವಲ್ಲ.

ಆದರೆ ಪುಸ್ತಕಗಳ ಪಟ್ಟಿಗಿಂತ ಮುಖ್ಯವಾದದ್ದು ಅವನ್ನು ಓದುವ ಕ್ರಮ. ಫ್ರೆಂಚ್ ಪದ್ಧತಿಯಲ್ಲಿ ಒಂದು ಪುಟದ ಗದ್ಯವನ್ನೋ ಹದಿನಾಲ್ಕು ಸಾಲಿನ ಪದ್ಯವನ್ನೋ ಕೊಟ್ಟು ಅದನ್ನು ಸಾಲು ಸಾಲಾಗಿ ಬಿಡಿಸಿ ವಿವರಿಸಲು ಹೇಳುತ್ತಾರೆ. ಈ ಪದವೇ ಏಕೆ, ಈ ಕಾಲರೂಪವೇ ಏಕೆ, ಹೇಳುತ್ತಿರುವವರು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ? 'ಬಹಳ ಚೆನ್ನಾಗಿದೆ', 'ಮನಮುಟ್ಟುತ್ತದೆ' ಎಂದು ಬರೆದರೆ ಅಂಕವಿಲ್ಲ. ಏಕೆ ಮನಮುಟ್ಟುತ್ತದೆ ಎಂಬುದನ್ನು ಪಠ್ಯದಿಂದಲೇ ತೋರಿಸಬೇಕು.

ಒಂದು ಕಥೆಯ ನಿದರ್ಶನದಿಂದ ಇದು ಸ್ಪಷ್ಟವಾದೀತು. ಎನ್.ಸಿ.ಇ.ಆರ್.ಟಿ.ಯ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಕೊನೆಯ ಪಾಠವನ್ನು ಕುರಿತ ಕಥೆಯೊಂದಿದೆ. ನಮ್ಮ ಎಷ್ಟೋ ಮಕ್ಕಳು ಅದನ್ನು ಓದಿರುತ್ತಾರೆ. ಅದು ಅಲ್ಫೋನ್ಸ್ ದೋದೆ ಫ್ರೆಂಚಿನಲ್ಲಿ ಬರೆದು 1873ರ ಸಂಕಲನದಲ್ಲಿ ಸೇರಿಸಿದ ಕಥೆ. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತಿತು. ಅಲ್ಸಾಸ್ ಪ್ರಾಂತವೂ ಲೊರೇನಿನ ಒಂದು ಭಾಗವೂ ಜರ್ಮನಿಗೆ ಸೇರಿದವು. ಇನ್ನು ಮುಂದೆ ಅಲ್ಲಿಯ ಶಾಲೆಗಳಲ್ಲಿ ಜರ್ಮನ್ ಮಾತ್ರ ಕಲಿಸಬೇಕೆಂದು ಬರ್ಲಿನ್ನಿನಿಂದ ಆಜ್ಞೆ ಬರುತ್ತದೆ. ಹಳ್ಳಿಯ ಮಾಸ್ತರರು ಹಬ್ಬದ ಉಡುಪು ತೊಟ್ಟು ಕೊನೆಯ ಫ್ರೆಂಚ್ ಪಾಠ ಮಾಡುತ್ತಾರೆ. ಊರಿನ ಮುದುಕರು ಹಿಂದಿನ ಬೆಂಚುಗಳಲ್ಲಿ ಬಂದು ಕೂರುತ್ತಾರೆ. ಪಾಠ ತಪ್ಪಿಸಿಕೊಳ್ಳುತ್ತಿದ್ದ ಹುಡುಗನಿಗೆ ತಾನು ಕಳೆದುಕೊಂಡದ್ದೇನೆಂದು ಅಂದು ಗೊತ್ತಾಗುತ್ತದೆ.

ಗಡಿನಾಡಿನ ಕನ್ನಡಿಗರು ಈ ಕಥೆ ಓದಿದರೆ ಕಣ್ಣು ತೇವವಾಗದೆ ಇರದು. ನಮ್ಮದೇ ಶಾಲೆಯ ಕಥೆಯೆನಿಸುತ್ತದೆ. ಶಾಲೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಆದರೆ ಆನರ್ಸ್ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಅಲ್ಸಾಸಿನ ಆ ಹಳ್ಳಿಯ ಹುಡುಗ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದ? ಇತಿಹಾಸದ ಪುಸ್ತಕ ತೆಗೆದರೆ ಉತ್ತರ ಸಿಗುತ್ತದೆ. ಅಲ್ಸಾಸಿನ ಹಳ್ಳಿಗಳಲ್ಲಿ ಬಹುಪಾಲು ಜನರ ಮನೆಮಾತು ಜರ್ಮನ್ ಬಳಗಕ್ಕೆ ಸೇರಿದ ಅಲ್ಸಾಸಿಯನ್. ಅಂದರೆ ಕಥೆಯ ಮಾಸ್ತರರು ಉಳಿಸಿಕೊಳ್ಳಿರೆಂದು ಹೇಳುವ ಫ್ರೆಂಚ್ ಅಲ್ಲಿಯ ಎಷ್ಟೋ ಮಕ್ಕಳಿಗೆ ಶಾಲೆಯ ಭಾಷೆಯಾಗಿತ್ತೇ ಹೊರತು ತಾಯಿಯ ಭಾಷೆಯಾಗಿರಲಿಲ್ಲ. 1918ರಲ್ಲಿ ಆ ಪ್ರಾಂತ ಮತ್ತೆ ಫ್ರಾನ್ಸಿಗೆ ಬಂತು, ಶಾಲೆ ಮತ್ತೆ ಫ್ರೆಂಚಾಯಿತು. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಜರ್ಮನ್, ಯುದ್ಧ ಮುಗಿದ ಮೇಲೆ ಮತ್ತೆ ಫ್ರೆಂಚ್. ಇಷ್ಟರ ನಡುವೆ ಮನೆಯ ಮಾತನ್ನು ಕೇಳಿದವರು ಕಡಿಮೆ.

ಇದನ್ನು ತಿಳಿದ ಮೇಲೆ ಕಥೆ ಕೆಟ್ಟದ್ದಾಗುವುದಿಲ್ಲ. ಅದರ ನೋವು ಸುಳ್ಳಾಗುವುದಿಲ್ಲ. ಆದರೆ ಓದುಗನ ಕಣ್ಣು ಬೇರೆಯಾಗುತ್ತದೆ. ಫ್ರಾನ್ಸಿನ ಪಶ್ಚಿಮದ ಬ್ರೆತಾನ್ ಪ್ರಾಂತದ ಶಾಲೆಗಳಲ್ಲಿ ಬ್ರೆತೋನ್ ಭಾಷೆ ಆಡಿದ ಮಕ್ಕಳ ಕೊರಳಿಗೆ ಅವಮಾನದ ಗುರುತು ಕಟ್ಟುತ್ತಿದ್ದ ಕಾಲವೊಂದಿತ್ತು. ದಕ್ಷಿಣದ ಪ್ರೊವಾನ್ಸಿನ ಫ್ರೆಡೆರಿಕ್ ಮಿಸ್ತ್ರಾಲ್ ಫ್ರೆಂಚಿನಲ್ಲಲ್ಲದೆ ತನ್ನ ನಾಡಿನ ಪ್ರೊವಾನ್ಸಾಲ್ ನುಡಿಯಲ್ಲಿ ಕಾವ್ಯ ಬರೆದು 1904ರಲ್ಲಿ ನೊಬೆಲ್ ಪಡೆದ. ಇವೆಲ್ಲವನ್ನೂ ಫ್ರೆಂಚ್ ಓದುವ ವಿದ್ಯಾರ್ಥಿನಿ ತಿಳಿಯುತ್ತಾಳೆ. ಮನೆಯ ಭಾಷೆಯೊಂದು ಹೇಗೆ ಸೊರಗುತ್ತದೆ, ಹೇಗೆ ಉಳಿಯುತ್ತದೆ ಎಂಬುದನ್ನು ದೂರದ ದೇಶದ ನಿದರ್ಶನದಲ್ಲಿ ಕಂಡವಳು ತನ್ನ ಊರಿನ ಕನ್ನಡ ಶಾಲೆಯನ್ನು ಮೊದಲಿನ ಕಣ್ಣಿನಿಂದ ನೋಡಲಾರಳು. ಕಾಸರಗೋಡಿನ ಮಾಸ್ತರರಿಗೆ ನಮ್ಮ ಮೊದಲ ಉತ್ತರ ಇದೇ.

ಕನ್ನಡಕ್ಕೆ ಬಂದ ಲಾಭ

ಎರಡನೆಯ ಉತ್ತರ ನಮ್ಮ ಸಾಹಿತ್ಯದಲ್ಲಿಯೇ ಇದೆ. ಮೋಲಿಯೇರನ ಕಪಟ ಭಕ್ತನ ನಾಟಕ 'ತಾರ್ತ್ಯುಫ್' ಎ.ಎನ್. ಮೂರ್ತಿರಾಯರ ಕೈಯಲ್ಲಿ 'ಆಷಾಢಭೂತಿ'ಯಾಗಿ ಕನ್ನಡದ್ದೇ ಆಯಿತು. ಬೋದಿಲೇರನ ಕವಿತೆಗಳನ್ನು ಪಿ. ಲಂಕೇಶರು 'ಪಾಪದ ಹೂಗಳು' ಎಂದು ತಂದರು. ಇನ್ನೊಂದು ಭಾಷೆಯಿಂದ ಹೊತ್ತು ತಂದವರಿಂದ ಕನ್ನಡ ಬೆಳೆದಿದೆಯೇ ಹೊರತು ಸೊರಗಿಲ್ಲ. ಫ್ರೆಂಚ್ ಪುಸ್ತಕಗಳು ಕನ್ನಡಕ್ಕೆ ಹೆಚ್ಚಾಗಿ ಇಂಗ್ಲಿಷಿನ ಮೂಲಕ ಬಂದಿವೆ. ಮೂಲದಿಂದಲೇ ತರಬಲ್ಲವರು ಬೆರಳೆಣಿಕೆಯಷ್ಟು. ಆ ಕೆಲಸ ಕಾದು ಕುಳಿತಿದೆ.

ನಮ್ಮ ಸಮಾಜಕ್ಕೆ ಹತ್ತಿರವಾದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಪ್ಯಾರಿಸ್ಸಿನ ಕೊಲೇಜ್ ದ ಫ್ರಾನ್ಸಿನಲ್ಲಿ 1814ರಲ್ಲಿಯೇ ಸಂಸ್ಕೃತ ಪೀಠ ಸ್ಥಾಪನೆಯಾಯಿತು. ಅಂದಿನಿಂದ ಭಾರತೀಯ ವಿದ್ಯೆಗಳಲ್ಲಿ ಫ್ರೆಂಚ್ ವಿದ್ವಾಂಸರ ಪರಂಪರೆಯೇ ಬೆಳೆದುಬಂದಿದೆ. ಆರ್ಮಾನ್ ಗೆರಿನೋ ಎಂಬ ವಿದ್ವಾಂಸ 1906ರಲ್ಲಿ ಜೈನ ಗ್ರಂಥಸೂಚಿಯನ್ನೂ 1908ರಲ್ಲಿ ಜೈನ ಶಾಸನಗಳ ಸೂಚಿಯನ್ನೂ ಫ್ರೆಂಚಿನಲ್ಲಿ ಹೊರತಂದರು. ಆ ಶಾಸನಸೂಚಿಯಲ್ಲಿ ಶ್ರವಣಬೆಳಗೊಳವೂ ಸೇರಿದಂತೆ ಕನ್ನಡ ನಾಡಿನ ಶಾಸನಗಳು ಹೇರಳವಾಗಿವೆ. ಕೊಲೆತ್ ಕಾಯಾ ಎಂಬ ವಿದುಷಿ ಪ್ರಾಕೃತ ಆಗಮಗಳಲ್ಲಿ ಹೇಳಿದ ಪ್ರಾಯಶ್ಚಿತ್ತ ವಿಧಿಗಳ ಮೇಲೆ 1965ರಲ್ಲಿ ಫ್ರೆಂಚಿನಲ್ಲಿ ಗ್ರಂಥ ಬರೆದರು. ಕನ್ನಡ ಶಾಸನವನ್ನು ಕನ್ನಡದಲ್ಲಿಯೇ ಓದಿ, ಅದರ ಬಗ್ಗೆ ಫ್ರೆಂಚಿನಲ್ಲಿ ಬರೆದುದನ್ನು ಫ್ರೆಂಚಿನಲ್ಲಿಯೇ ಓದಿ, ಎರಡನ್ನೂ ತೂಗಿ ನೋಡಬಲ್ಲ ಒಬ್ಬ ಮಗನೋ ಮಗಳೋ ನಮ್ಮ ಮನೆಗಳಿಂದ ಬಂದರೆ ಅದಕ್ಕಿಂತ ದೊಡ್ಡ ಶ್ರುತಸೇವೆ ಯಾವುದಿದ್ದೀತು?

ಆದರೆ ಮಾಸ್ತರರ ಮಾತಿನಲ್ಲಿ ಒಂದು ಸತ್ಯವಿದೆ. ಕನ್ನಡ ಓದಲು ಬರೆಯಲು ಬಾರದವರು ಫ್ರೆಂಚಿನಲ್ಲಿ ಎಷ್ಟೇ ಪಾಂಡಿತ್ಯ ಗಳಿಸಿದರೂ ಈ ಯಾವ ಕೆಲಸಕ್ಕೂ ಒದಗಲಾರರು. ಎರಡು ದಡ ಗಟ್ಟಿಯಿದ್ದರೆ ತಾನೇ ಸೇತುವೆ? ಆದ್ದರಿಂದ ಫ್ರೆಂಚಿಗೆ ಹೋಗುವ ಮಕ್ಕಳಿಗೆ ನಮ್ಮ ಮೊದಲ ಷರತ್ತು ಇದು: ವಾರಕ್ಕೊಂದು ಪತ್ರ ಮನೆಗೆ ಕನ್ನಡದಲ್ಲಿ ಬರೆಯಬೇಕು. ಫೋನಿನಲ್ಲಿ ಮಾತಾಡಿದರೆ ಸಾಲದು, ಬರೆಯಬೇಕು.

ಎಲ್ಲಿ ಓದಬಹುದು?

ಗಡಿಯ ಕುಟುಂಬಗಳಿಗೆ ಇಲ್ಲಿ ಒಂದು ವಿಚಿತ್ರ ಅನುಕೂಲವಿದೆ. ಫ್ರೆಂಚ್ ಕಲಿಸುವ ಕೇಂದ್ರಗಳು ನಮ್ಮ ಸುತ್ತಲೇ ಇವೆ. ಪಶ್ಚಿಮ ತೆಲಂಗಾಣ, ಆದೋನಿ, ರಾಯದುರ್ಗದ ಕಡೆಯವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು, ಹತ್ತಿರ. 1958ರಲ್ಲಿ ಇಂಗ್ಲಿಷ್ ಕಲಿಕೆಯ ಸಂಸ್ಥೆಯಾಗಿ ಆರಂಭವಾದ ಅದು 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅಲ್ಲಿ ಫ್ರೆಂಚ್ ಬಿ.ಎ. ಆನರ್ಸ್ ಇದೆ. ಹೊಸೂರು, ನೀಲಗಿರಿ, ತಾಳವಾಡಿಯವರಿಗೆ ಚೆನ್ನೈಯ ಲೊಯೊಲಾ ಕಾಲೇಜಿನಲ್ಲಿ ಫ್ರೆಂಚ್ ಬಿ.ಎ. ಉಂಟು. ಚೆನ್ನೈ ಮತ್ತು ಪುದುಚೇರಿ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಓದು ಇದೆ. ಪುದುಚೇರಿ 1954ರವರೆಗೂ ಫ್ರೆಂಚರ ಆಡಳಿತದಲ್ಲಿತ್ತು. 1955ರಲ್ಲಿ ಅಲ್ಲಿ ಸ್ಥಾಪಿತವಾದ ಫ್ರೆಂಚ್ ಸಂಶೋಧನ ಸಂಸ್ಥೆಯ ತಾಳೆಗರಿ ಭಂಡಾರ ಹೆಸರುವಾಸಿ. ವಯನಾಡಿನವರಿಗೆ ಹತ್ತಿರದ ಮಾಹೆಯೂ ಹಿಂದೆ ಫ್ರೆಂಚರದೇ ಆಗಿತ್ತು. ಗೋವಾ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಎಂ.ಎ. ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆಯ ರಾನಡೆ ಸಂಸ್ಥೆಯಲ್ಲಿ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವಿದೆ.

ಉತ್ತರದಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ, ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಹೆಸರಾದವು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಅರ್ಜಿ ಹಾಕುವ ಕಾಲ ಹನ್ನೆರಡನೆಯ ತರಗತಿಯ ಫಲಿತಾಂಶಕ್ಕೂ ಮೊದಲೇ ಬರುತ್ತದೆ. ಫಲಿತಾಂಶ ಬಂದ ಮೇಲೆ ಎಚ್ಚೆತ್ತರೆ ಒಂದು ವರ್ಷ ಕಾಯಬೇಕಾದೀತು. ಹಾಗೆ ಕಾಯಬೇಕಾಗಿ ಬಂದರೂ ನಷ್ಟವೆಂದು ತಿಳಿಯಬೇಡಿ. ಆ ವರ್ಷವನ್ನು ಹೇಗೆ ಬಳಸಬೇಕೆಂದು ಮುಂದೆ ಹೇಳುತ್ತೇನೆ.

ಹೊಟ್ಟೆಪಾಡಿನ ಮಾತು

ಈಗ ತಂದೆಯ ಪ್ರಶ್ನೆಗೆ ಬರೋಣ. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ ಪದವಿಪತ್ರ ಒಂದರಿಂದಲೇ ಕೆಲಸ ಸಿಗುವುದಿಲ್ಲ. ಫ್ರೆಂಚ್ ಬಲ್ಲವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಮೊದಲು ಕೇಳುವುದು ಯಾವ ಮಟ್ಟದವರೆಗೆ ಬಲ್ಲಿರಿ ಎಂದು. ಇದನ್ನಳೆಯಲು ಯುರೋಪಿನವರು ಆರು ಮೆಟ್ಟಿಲು ಮಾಡಿದ್ದಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ಮೊದಲ ನಾಲ್ಕಕ್ಕೆ ಡೆಲ್ಫ್, ಕೊನೆಯೆರಡಕ್ಕೆ ಡಾಲ್ಫ್ ಎಂಬ ಪರೀಕ್ಷೆಗಳಿವೆ. ಒಮ್ಮೆ ತೇರ್ಗಡೆಯಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆನರ್ಸ್ ಮುಗಿಸುವವರು ಬಿ2 ದಾಟಿರಬೇಕು. ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಮಾಧ್ಯಮದ ಓದಿಗೆ ಸಾಮಾನ್ಯವಾಗಿ ಕೇಳುವುದೂ ಅದನ್ನೇ. ಅನುವಾದವನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಸಿ1 ಇಲ್ಲದೆ ನಡೆಯದು.

ದಾರಿಗಳು ಹಲವಿವೆ. ಶಾಲೆಗಳಲ್ಲಿ ಫ್ರೆಂಚ್ ಶಿಕ್ಷಕರಾಗಬಹುದು. ಇದಕ್ಕೆ ಬಹಳಷ್ಟು ಕಡೆ ಬಿ.ಎಡ್. ಬೇಕು. ಎಂ.ಎ. ಮಾಡಿ ಯು.ಜಿ.ಸಿ.ಯ ನೆಟ್ ಪರೀಕ್ಷೆ ತೇರ್ಗಡೆಯಾದರೆ ಕಾಲೇಜಿನಲ್ಲಿ ಕಲಿಸಬಹುದು. ಬೆಂಗಳೂರು, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಫ್ರೆಂಚ್ ಗಿರಾಕಿಗಳೊಡನೆ ವ್ಯವಹರಿಸುವ ಕೆಲಸಗಳಿವೆ. ಪ್ರವಾಸೋದ್ಯಮ, ಪ್ರಕಾಶನ, ರಾಯಭಾರ ಕಚೇರಿಗಳಿವೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಫ್ರೆಂಚ್ ಒಂದು. ಆಫ್ರಿಕದ ಅನೇಕ ದೇಶಗಳಲ್ಲಿ ಆಡಳಿತವೂ ವ್ಯಾಪಾರವೂ ಫ್ರೆಂಚಿನಲ್ಲಿಯೇ ನಡೆಯುತ್ತವೆ. ಫ್ರೆಂಚ್ ಆಡುವವರು ಜಗತ್ತಿನಲ್ಲಿ ಸುಮಾರು 32 ಕೋಟಿ ಜನರೆಂದು ಆ ದೇಶಗಳ ಒಕ್ಕೂಟದ 2022ರ ವರದಿ ಹೇಳುತ್ತದೆ. ಅವರೆಲ್ಲ ಫ್ರಾನ್ಸಿನವರಲ್ಲ ಎಂಬುದನ್ನು ಗಮನಿಸಬೇಕು.

ಆದರೆ ಕಾಲ ಬದಲಾಗಿದೆ. ಹಿಂದೆ ಹೊಸದಾಗಿ ಪದವಿ ಪಡೆದವರು ಮಾಡುತ್ತಿದ್ದ ಸರಳ ಪತ್ರಗಳ, ಕೈಪಿಡಿಗಳ ಅನುವಾದವನ್ನು ಈಗ ಯಂತ್ರವೇ ಕ್ಷಣದಲ್ಲಿ ಮಾಡಿಕೊಡುತ್ತದೆ. ಅರೆಬರೆ ಕಲಿತವರಿಗೆ ಇದ್ದ ಕೆಲಸ ಕರಗುತ್ತಿದೆ. ಯಂತ್ರ ಮಾಡಿದ್ದರಲ್ಲಿ ಎಲ್ಲಿ ಅರ್ಥ ಕೆಟ್ಟಿದೆ ಎಂದು ಹಿಡಿಯಬಲ್ಲವರು, ಒಪ್ಪಂದದ ಕರಾರಿನಲ್ಲಿ ಒಂದು ಪದ ಎಲ್ಲಿ ತಿರುವು ಪಡೆದಿದೆ ಎಂದು ತೋರಿಸಬಲ್ಲವರು ಬೇಕೇ ಬೇಕು. ಆ ಶಕ್ತಿ ಬರುವುದು ಮೇಲೆ ಹೇಳಿದ ಸಾಲು ಸಾಲಾಗಿ ಓದುವ ಅಭ್ಯಾಸದಿಂದಲೇ. ಆದ್ದರಿಂದ ನಮ್ಮ ಸಲಹೆ ಎರಡು. ಓದುವುದಾದರೆ ಆಳವಾಗಿ ಓದಬೇಕು. ಜೊತೆಗೆ ಇನ್ನೊಂದು ವಿದ್ಯೆ ಕೈಯಲ್ಲಿರಬೇಕು: ಲೆಕ್ಕಪತ್ರ, ಕಾನೂನು, ಕಂಪ್ಯೂಟರ್, ಶಿಕ್ಷಣಶಾಸ್ತ್ರ, ಪತ್ರಿಕೋದ್ಯಮ, ಪ್ರಾಕೃತ, ಯಾವುದಾದರೂ ಸರಿ. ಬರಗಾಲದ ಸೀಮೆಯ ರೈತ ಒಂದೇ ಬೆಳೆಯನ್ನು ನಂಬಿ ಕೂರುವುದಿಲ್ಲ. ಆ ತಂದೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರ, ಊಟ, ಮದುವೆ

ಮಗಳನ್ನು ದೂರ ಕಳಿಸುವ ತಾಯಿಯ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ಪ್ರವೇಶ ಸಿಕ್ಕಮೇಲೆ ತಂದೆತಾಯಿ ಒಮ್ಮೆ ಜೊತೆಗೆ ಹೋಗಿ ಮಹಿಳಾ ಹಾಸ್ಟೆಲ್ ನೋಡಿ ಬನ್ನಿ. ಅಡುಗೆಮನೆಯಲ್ಲಿ ಸಸ್ಯಾಹಾರಕ್ಕೆ ಬೇರೆ ಪಾತ್ರೆಯಿದೆಯೇ, ಸೂರ್ಯಾಸ್ತಕ್ಕೆ ಮುಂಚೆ ಊಟ ಕೇಳಿದರೆ ಕೊಡುತ್ತಾರೆಯೇ, ಗಡ್ಡೆಗೆಣಸಿಲ್ಲದ ಪಲ್ಯ ಸಿಗುತ್ತದೆಯೇ ಎಂದು ನಾಚಿಕೆಯಿಲ್ಲದೆ ಕೇಳಿ. ಹೈದರಾಬಾದಿನಲ್ಲೂ ದೆಹಲಿಯಲ್ಲೂ ನಮ್ಮ ಸಮಾಜದ ಮನೆಗಳಿವೆ. ವಾರಕ್ಕೊಮ್ಮೆ ಹೋಗಿ ಬರಲು ಒಂದು ಮನೆ ಗೊತ್ತುಮಾಡಿಕೊಟ್ಟರೆ ಹುಡುಗಿಗೂ ಧೈರ್ಯ, ನಿಮಗೂ ನೆಮ್ಮದಿ.

ಚೆನ್ನಾಗಿ ಓದಿದವರಿಗೆ ಫ್ರಾನ್ಸಿಗೆ ಹೋಗಿಬರುವ ಅವಕಾಶಗಳೂ ಇವೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕ್ ಹೆಸರಿನ ವಿದ್ಯಾರ್ಥಿವೇತನವಿದೆ. ಅಲ್ಲಿಯ ಶಾಲೆಗಳಲ್ಲಿ ಸುಮಾರು ಏಳು ತಿಂಗಳು ಇಂಗ್ಲಿಷ್ ಕಲಿಸುವ ಸಹಾಯಕರಾಗಿ ಭಾರತದ ಪದವೀಧರರು ಹೋಗಿಬರುತ್ತಾರೆ. ಅಲ್ಲಿ ಮಾಂಸಾಹಾರವೇ ರೂಢಿಯಾದ್ದರಿಂದ ಸ್ವತಃ ಅಡುಗೆ ಮಾಡಿಕೊಳ್ಳಲು ಬರಬೇಕು. ಅದನ್ನು ಗಂಡುಮಕ್ಕಳೂ ಕಲಿಯತಕ್ಕದ್ದು.

ಮದುವೆಯ ವಿಷಯದಲ್ಲಿ ಅಜ್ಜಿಯವರಿಗೆ ಒಂದೇ ಮಾತು, ಕೈಮುಗಿದು. ಓದನ್ನು ಅರ್ಧಕ್ಕೆ ಬಿಡಿಸಿ ಮಾಡುವ ಸಂಬಂಧ ಎಷ್ಟೇ ದೊಡ್ಡದಾದರೂ ಹುಡುಗಿಯ ಮನಸ್ಸಿನಲ್ಲಿ ಒಂದು ಕೊರತೆ ಉಳಿದೇ ಉಳಿಯುತ್ತದೆ. ಮೂರೋ ನಾಲ್ಕೋ ವರ್ಷ ಕಾಯಲು ಒಪ್ಪುವ ಮನೆಯೇ ಒಳ್ಳೆಯ ಮನೆ ಎಂದು ತಿಳಿಯೋಣ.

ನಿರ್ಧರಿಸುವ ಮುನ್ನ

ಕೊನೆಯಲ್ಲಿ, ಈ ದಾರಿ ತನಗೆ ಸರಿಯೇ ಎಂದು ಹುಡುಗ ಹುಡುಗಿಯರು ತಾವೇ ಪರೀಕ್ಷಿಸಿಕೊಳ್ಳುವ ಬಗೆಯನ್ನು ಹೇಳುತ್ತೇನೆ.

ಮೊದಲನೆಯದು, ಮೂರು ತಿಂಗಳು ಯಾವುದಾದರೂ ಒಳ್ಳೆಯ ಕೇಂದ್ರದಲ್ಲಿ ಎ1 ತರಗತಿಗೆ ಸೇರಿ. ಬೆಂಗಳೂರು, ಹೈದರಾಬಾದು, ಪುಣೆ, ಚೆನ್ನೈ, ಪಣಜಿಗಳಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಮನೆಯಿಂದಲೇ ಕಲಿಯುವ ತರಗತಿಗಳೂ ಈಗ ಉಂಟು. ಕ್ರಿಯಾಪದದ ರೂಪಗಳನ್ನು ದಿನವೂ ಬಾಯಿಪಾಠ ಮಾಡುವಾಗ ಬೇಸರ ಬರುತ್ತದೆಯೇ, ಇಲ್ಲ ಇನ್ನಷ್ಟು ಬೇಕೆನಿಸುತ್ತದೆಯೇ ಎಂದು ನೋಡಿಕೊಳ್ಳಿ.

ಎರಡನೆಯದು, ಒಂದು ಫ್ರೆಂಚ್ ಕಾದಂಬರಿಯನ್ನು ನಿಮಗೆ ಬಲ್ಲ ಭಾಷೆಯ ಅನುವಾದದಲ್ಲಿ ಪೂರ್ತಿ ಓದಿ. ಹತ್ತು ಪುಟಕ್ಕೇ ನಿದ್ದೆ ಬಂದರೆ ನಿಮಗೆ ಬೇಕಾದದ್ದು ಭಾಷೆ ಮಾತ್ರ, ಸಾಹಿತ್ಯವಲ್ಲ. ಅದರಲ್ಲಿ ತಪ್ಪೇನಿಲ್ಲ. ವಾಣಿಜ್ಯವನ್ನೋ ಕಂಪ್ಯೂಟರನ್ನೋ ಪದವಿಗೆ ಓದಿ, ಫ್ರೆಂಚನ್ನು ಸಂಜೆಯ ತರಗತಿಯಲ್ಲಿ ಕಲಿಯಿರಿ. ಆನರ್ಸ್ ಓದು ಪುಸ್ತಕ ಬಿಟ್ಟಿರಲಾರದವರಿಗೆ.

ಮೂರನೆಯದು, ಕನ್ನಡದ ಒಂದು ಪುಟವನ್ನು ಮರಾಠಿಗೋ ತಮಿಳಿಗೋ ಮಲಯಾಳಕ್ಕೋ ಅನುವಾದಿಸಿ ಮನೆಯ ಹಿರಿಯರಿಗೆ ಓದಿ ಹೇಳಿ. ಎಲ್ಲಿ ಪದ ಸಿಗದೆ ನಿಂತಿರಿ, ಏಕೆ ನಿಂತಿರಿ ಎಂದು ಬರೆದಿಟ್ಟುಕೊಳ್ಳಿ. ಆ ನಿಲುಗಡೆಯಲ್ಲಿ ನಿಮಗೆ ಕುತೂಹಲ ಹುಟ್ಟಿದರೆ ಈ ವಿದ್ಯೆ ನಿಮ್ಮದು.

ಈ ಮೂರನ್ನೂ ಮಾಡಿ ನೋಡಿದ ಮೇಲೂ ಮನಸ್ಸು ಅತ್ತಲೇ ಎಳೆದರೆ, ತಂದೆತಾಯಂದಿರೇ, ದಯವಿಟ್ಟು ಕಳಿಸಿಕೊಡಿ. ಬೇರೆಯವರ ಮಕ್ಕಳು ಓದಿದ್ದನ್ನೇ ನಮ್ಮ ಮಕ್ಕಳೂ ಓದಬೇಕೆಂಬ ಕಟ್ಟಳೆಯಿಲ್ಲ.

ಫ್ರೆಂಚನ್ನೋ ಬೇರೆ ವಿದೇಶಿ ಭಾಷೆಯನ್ನೋ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ, ಓದಿ ಮುಗಿಸಿದ ನಮ್ಮ ಸಮಾಜದ ಮಕ್ಕಳು ಯಾರಾದರೂ ಇದ್ದರೆ ಈ ಅಂಕಣಕ್ಕೆ ಎರಡು ಸಾಲು ಬರೆಯಿರಿ. ಹೊಸದಾಗಿ ಹೊರಟವರಿಗೆ ನಿಮ್ಮ ಅನುಭವವೇ ಊರುಗೋಲಾದೀತು. ಪತ್ರ ಮಾತ್ರ ಕನ್ನಡದಲ್ಲಿರಲಿ.